ಎಲೆಅಡಿಕೆ ಚೀಲದಲ್ಲೊಂದು ರಿವಾಲ್ವರ್

ನಮ್ಮ ಸೋದರತ್ತೆಯ ಎಲೆಅಡಿಕೆ ಚೀಲಕ್ಕೆ ಕೇಳದೆ ಕೈ ಹಾಕುವ ಗಂಡಸು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನಲ್ಲಿ ಒಬ್ಬನೂ ಇರಲಿಲ್ಲ. ಬುರುಡೆ ಬಿಡುತ್ತಿದ್ದೇನೆ ಅಂದುಕೊಂಡಿರಾ? ಆ ಚೀಲದಲ್ಲಿ ಎಲೆ ಇತ್ತು, ಅಡಿಕೆ ಇತ್ತು, ಸುಣ್ಣದ ಡಬ್ಬಿ ಇತ್ತು. ಸುಣ್ಣದ ಡಬ್ಬಿಯ ಪಕ್ಕದಲ್ಲಿ ಒಂದು ರಿವಾಲ್ವರ್ ಇತ್ತು! ಲೈಸೆನ್ಸ್ ಇದ್ದದ್ದೇ, ಗಾಬರಿಯಾಗಬೇಡಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ತಿಪಟೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಮದುವೆಯಾಗಿರಲಿಲ್ಲ, ಬಾಡಿಗೆ ರೂಮಿನಲ್ಲಿದ್ದೆ. ಅತ್ತೆ ಹೊನ್ನವಳ್ಳಿ ಹತ್ತಿರ ತನ್ನ ತೆಂಗಿನ ತೋಟದ ಮನೆಯಲ್ಲಿ ಒಬ್ಬಳೇ ಇದ್ದಳು. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬೇಲಿಯಾಚೆ ಅವಳ ಮೈದುನನ ತೋಟ. ಆತನಿಗೆ ತನ್ನ ತೋಟಕ್ಕಿಂತ ಅತ್ತಿಗೆಯ ತೋಟದ ಮೇಲೇ ಪ್ರೀತಿ ಜಾಸ್ತಿ. ವಾರಕ್ಕೆರಡು ಸಲ ನೆಟ್ಟಗೆ ನಡುಮನೆಗೆ ನುಗ್ಗಿ, ಮಾವನ ಕುರ್ಚಿಯಲ್ಲೇ ಕೂತು ಒಂದು ಕಾಗದ ಬಿಚ್ಚುತ್ತಿದ್ದ. “ಒಂಟಿ ಹೆಂಗ್ಸು ಯಾಕ್ ಒದ್ದಾಡ್ತೀಯ ಅತ್ಗೆ? ಇಲ್ಲೊಂದು ಸೈನ್ ಹಾಕ್ಬುಡು, ಎಲ್ಲಾ ನಾನೇ ನೋಡ್ಕಂತೀನಿ.”

ಒಂದು ಭಾನುವಾರ ಅತ್ತೆ ನನ್ನ ರೂಮಿಗೆ ಬಂದು ಕೂತವಳೇ, “ಒಂದು ಅರ್ಜಿ ಬರಿಯಲಾ, ಇಂಗ್ಲಿಷ್‌ನಾಗೆ” ಅಂದಳು.

“ಯಾರಿಗತ್ತೆ?”

“ತುಮಕೂರಿನ ಡಿ.ಸಿ. ಸಾಹೇಬ್ರಿಗೆ. ನಂಗೊಂದು ಪಿಸ್ತೂಲು ಬೇಕು.”

ಕುಡಿಯುತ್ತಿದ್ದ ಕಾಫಿ ನನ್ನ ಮೂಗಿನಿಂದ ಬಂತು. “ತೋಟ ಕಾಯೋಕೆ ಎಲ್ರೂ ಕೋವಿ ತಗೊಳ್ತಾರಲ್ಲ ಅತ್ತೆ?”

“ಕೋವಿ ಈ ಚೀಲಕ್ಕೆ ಹಿಡಿಸ್ತದೇನ್ಲಾ?”

ಮೂಗು ಒರೆಸಿಕೊಂಡು ಕಾಗದ ತೆಗೆದೆ. ಬರೆದೆ.

ಕೆಲವು ತಿಂಗಳ ಮೇಲೆ ಸಬ್ ಇನ್‌ಸ್ಪೆಕ್ಟರೊಬ್ಬರು ವಿಚಾರಣೆಗೆ ತೋಟಕ್ಕೆ ಬಂದರು. ಒಳ್ಳೆಯ ಮನುಷ್ಯ. ಎಳನೀರು ಕುಡಿದು, ಬಾಯಿ ಒರೆಸಿಕೊಂಡು, ಪೆನ್ನು ತೆಗೆದರು.

“ನಿಮಗೆ ಯಾರಿಂದಾದ್ರೂ ಪ್ರಾಣಾಪಾಯ ಇದೆಯೇನಮ್ಮ?”

“ಇಲ್ಲ ಸ್ವಾಮಿ.”

“ಮತ್ತೆ ರಿವಾಲ್ವರ್ ಯಾಕೆ?”

“ನನ್ನಿಂದ ಯಾರ್ಗೂ ಅಪಾಯ ಇಲ್ವಲ್ಲ, ಅದ್ಕೆ!”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ಇನ್ನೊಂದು ಎಳನೀರು ಕೇಳಿದರು. ಆಮೇಲೆ ಏನು ಬರೆದರೋ, ಲೈಸೆನ್ಸು ಬಂದೇಬಿಟ್ಟಿತು.

ಇನ್ನು ಮಾಲು ಹುಡುಕಬೇಕಲ್ಲ. ರೈಲ್ವೆ ಸ್ಟೇಷನ್ ಹತ್ತಿರ ಮಿಲಿಟರಿಯಿಂದ ನಿವೃತ್ತರಾದ ಕ್ಯಾಪ್ಟನ್ ಒಬ್ಬರಿದ್ದರು. ಅವರು ತಮ್ಮ ಹಳೆಯ ರಿವಾಲ್ವರನ್ನು ಮಾರುತ್ತಾರೆಂದು ತಿಳಿದು ಅತ್ತೆಯನ್ನು ಕರೆದುಕೊಂಡು ಹೋದೆ. ಕ್ಯಾಪ್ಟನ್ ಕೆಂಪು ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟರು. ಅಂಗೈಗಿಂತ ಚೂರು ದೊಡ್ಡದು, ಮೊಂಡು ಮೂತಿ, ಒಳ್ಳೆ ಹೊಳಪು. ಅತ್ತೆ ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದಳು! ನಮ್ಮ ಸೀಮೆಯವರು ಅಟ್ಟದ ಮೇಲಿನ ಕಾಯನ್ನು ಹೀಗೇ ಪರೀಕ್ಷಿಸುವುದು. ಒಳಗೆ ಗಟಗಟ ಅಂದರೆ ಕೊಬ್ಬರಿಯಾಗಿದೆ ಅಂತ ಲೆಕ್ಕ.

“ಅಲ್ಲಾಡ್ತಾನೇ ಇಲ್ವಲ್ರೀ. ಇನ್ನೂ ಹಸಿ!”

“ಅದು ಅಲ್ಲಾಡಬಾರದು ತಾಯಿ!” ಕ್ಯಾಪ್ಟನ್ನರ ಮೀಸೆ ನಡುಗಿತು.

“ಹಳೇದು ಅಂತೀರಿ. ಎಷ್ಟು ಜನಕ್ಕೆ ಹೊಡ್ದಿದೆ?”

“ಛೆ ಛೆ! ಒಬ್ಬರಿಗೂ ಇಲ್ಲ.”

“ಹಂಗಾದ್ರೆ ಕೆಲ್ಸ ಮಾಡ್ತದೆ ಅಂತ ಏನ್ ಗ್ಯಾರಂಟಿ?”

ಯುದ್ಧಭೂಮಿಯಲ್ಲೂ ಅವರು ಇಷ್ಟು ಕಷ್ಟಕ್ಕೆ ಸಿಕ್ಕಿಕೊಂಡಿರಲಾರರು. ಕೊನೆಗೆ ಅತ್ತೆ ಚೀಲವನ್ನು ಮೇಜಿನ ಮೇಲೆ ಸುರಿದು, ರಿವಾಲ್ವರನ್ನು ಒಳಗಿಟ್ಟು, ಮೇಲೆ ಎಲೆ ಹಾಕಿ, ದಾರ ಎಳೆದು, ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ನಡುಮನೆಯಲ್ಲಿ ಎರಡು ಸುತ್ತು ನಡೆದಳು. “ತೂಕ ಸರಿಯಾಗೈತೆ” ಅಂದಳು. ವ್ಯಾಪಾರ ಮುಗಿಯಿತು.

ಕ್ಯಾಪ್ಟನ್ ಪಾಪ, ಎಲ್ಲವನ್ನೂ ತಾಳ್ಮೆಯಿಂದ ಕಲಿಸಿಕೊಟ್ಟು, ಗುಂಡು ತುಂಬಿಕೊಂಡು ಓಡಾಡಬೇಡಿ ಎಂದು ಹತ್ತು ಸಲ ಹೇಳಿದರು. ಯಾರ ಮಾತನ್ನೂ ಕೇಳದ ಅತ್ತೆ ಇದೊಂದನ್ನು ಮಾತ್ರ ಶಿರಸಾವಹಿಸಿ ಪಾಲಿಸಿದಳು. ರಿವಾಲ್ವರ್ ಚೀಲದಲ್ಲಿ, ಗುಂಡುಗಳು ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ! ಈ ಗುಟ್ಟು ಗೊತ್ತಿದ್ದವನು ನಾನೊಬ್ಬನೇ. ಹಾಗಾಗಿ ಅವಳ ಮನೆಯಲ್ಲಿ ಒಗ್ಗರಣೆ ಸಿಡಿದಾಗಲೆಲ್ಲ ನಾನು ಬಾಗಿಲಾಚೆ ಹೋಗಿ ನಿಲ್ಲುತ್ತಿದ್ದೆ.

ಸುದ್ದಿ ಬಸ್ಸು ಹತ್ತಿ ಊರೂರು ಸುತ್ತಿತು. ಮುಂದಿನ ಸಲ ಮೈದುನ ಬಂದಾಗ ಅತ್ತೆ, “ಕೂತ್ಕೊ, ಎಲೆ ಹಾಕ್ಕಳುವಂತೆ” ಎಂದು ಚೀಲ ಬಿಚ್ಚಿದಳು. ಅಡಿಕೆ ತಳದಲ್ಲಿತ್ತು ನೋಡಿ, ಮೊದಲು ರಿವಾಲ್ವರನ್ನು ತೆಗೆದು ಚಾಪೆಯ ಮೇಲಿಡಬೇಕಾಯಿತು.

“ಬ್ಯಾಡ ಅತ್ಗೆಮ್ಮ, ಹಲ್ಲುನೋವು” ಎಂದವನು ಕಾಗದವನ್ನು ಜೇಬಿನಿಂದ ತೆಗೆಯಲೇ ಇಲ್ಲ. ‘ಅತ್ಗೆ’ ಹೋಗಿ ‘ಅತ್ಗೆಮ್ಮ’ ಆದದ್ದನ್ನು ಗಮನಿಸಿದಿರಾ? ಅಂದಿನಿಂದ ಅವನು ಗೇಟಿನಲ್ಲೇ ನಿಂತು, “ಒಳಕ್ಕೆ ಬರ್ಬೋದಾ?” ಎಂದು ಕೂಗಿ ಕೇಳುವಂತಾದ.

ಆ ಚಳಿಗಾಲದಲ್ಲೇ ಇನ್ನೊಂದು ಪೇಚಾಟ. ರಿವಾಲ್ವರಿಗೆ ಸವರಲು ಕ್ಯಾಪ್ಟನ್ ಕೊಟ್ಟಿದ್ದ ಎಣ್ಣೆ ಮುಗಿಯಿತು. ಬೆಂಗಳೂರಿನಿಂದ ತರಿಸೋಣ ಅಂದೆ. “ಕೊಬ್ಬರಿ ಸೀಮೇಲಿ ಹುಟ್ಟಿ ಎಣ್ಣೆಗೆ ಬೆಂಗಳೂರಿಗೆ ಹೋಗ್ಬೇಕೇನ್ಲಾ? ಮಾನ ಹೋಯ್ತದೆ!” ಎಂದು ಗದರಿಸಿ ಒಳ್ಳೆ ಕೊಬ್ಬರಿ ಎಣ್ಣೆ ಸವರಿದಳು. ಧನುರ್ಮಾಸದ ಚಳಿಗೆ ಎಣ್ಣೆಯೆಲ್ಲ ಬೆಣ್ಣೆಯಂತೆ ಹೆಪ್ಪುಗಟ್ಟಿ ಗುಂಡು ತುಂಬುವ ಚಕ್ರ ತಿರುಗುವುದನ್ನೇ ನಿಲ್ಲಿಸಿತು! ಕೊನೆಗೆ ಅಂಗಳದಲ್ಲಿ ಒಣಗಲು ಹಾಕಿದ್ದ ಕೊಬ್ಬರಿಯ ನಡುವೆ ರಿವಾಲ್ವರನ್ನೂ ಬಿಸಿಲಿಗಿಟ್ಟಳು. ಆವತ್ತು ಒಂದು ಕಾಗೆಯೂ ಕೊಬ್ಬರಿ ಮುಟ್ಟಲಿಲ್ಲ. “ನೋಡ್ದಾ, ಅವಕ್ಕೂ ಲೈಸೆನ್ಸ್ ವಿಷ್ಯ ಗೊತ್ತು!”

ಚುನಾವಣೆ ಬಂದರೆ ಆಯುಧಗಳನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕಿತ್ತು. ಅತ್ತೆ ಹೋಗಿ ಕೊಟ್ಟು, “ದಿನಾ ಬೆಳಿಗ್ಗೆ ಒಂದ್ಸಲ ಒರೆಸಪ್ಪ” ಎಂದು ಕಾನ್‌ಸ್ಟೇಬಲ್‌ಗೆ ಹೇಳಿ ಬಂದಳು. ವಾಪಸು ತಂದ ದಿನ ಅಂಗೈಯಲ್ಲಿಟ್ಟು ತೂಗಿ, “ಸೊರಗೋಗೈತೆ ಕಣ್ಲಾ” ಎಂದು ನೊಂದುಕೊಂಡಳು. ಅದಿಲ್ಲದ ಆ ಒಂದು ತಿಂಗಳು ಚೀಲದಲ್ಲಿ ಅಷ್ಟೇ ತೂಕದ ಕಲ್ಲಿಟ್ಟುಕೊಂಡು ಓಡಾಡುತ್ತಿದ್ದಳೆಂದು ಆಗ ಗೊತ್ತಾಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ಬೇಸಿಗೆಯಲ್ಲಿ ಒಂದು ದಿನ ತಿಪಟೂರಿನ ಸಂತೆ ಮುಗಿಸಿ ಇಬ್ಬರೂ ಮಧ್ಯಾಹ್ನದ ಬಸ್ಸಿಗೆ ತೋಟಕ್ಕೆ ಬಂದೆವು. ಬಾವಿ ಪಕ್ಕದ ಮರದ ಬುಡದಲ್ಲಿ ಕಾಯಿಗಳ ರಾಶಿ! ಮೇಲೆ ನೋಡಿದರೆ ಒಬ್ಬ ಆಸಾಮಿ ಗರಿಗಳ ನಡುವೆ ಕೂತು ಇನ್ನೂ ಕೀಳುತ್ತಿದ್ದಾನೆ. ಅತ್ತೆಯ ಮುಖ ಹಬ್ಬದ ದಿನದಂತೆ ಅರಳಿತು. ಇಂಥ ಗಳಿಗೆಗಾಗಿ ಅವಳು ಎಷ್ಟು ಕಾದಿದ್ದಳೋ! ಚೀಲಕ್ಕೆ ಕೈ ಹಾಕಿ, ಎರಡು ಕೈಯಲ್ಲೂ ಹಿಡಿದು, ಮೇಲಕ್ಕೆ ಗುರಿಯಿಟ್ಟಳು.

“ಇಳಿಯಲಾ ಕೆಳಕ್ಕೆ!”

“ಇಳಿದ್ರೆ ಹೊಡಿತೀಯ ಕಣವ್ವಾ!”

“ಇಳೀದಿದ್ರೂ ಹೊಡಿತೀನಿ ಕಣ್ಲಾ!”

ಹೇಗೋ ಅರ್ಧ ಮರದವರೆಗೆ ಜಾರಿದ. ಅಲ್ಲಿಗೆ ನಿಂತ. ಕೈಕಾಲು ಎರಡರಿಂದಲೂ ಮರವನ್ನು ತಬ್ಬಿ ಕಣ್ಣು ಮುಚ್ಚಿಬಿಟ್ಟ. ಅಷ್ಟರಲ್ಲಿ ನನ್ನ ಹೆಗಲ ಮೇಲೆ ತೊಟತೊಟ ಹನಿ ಬಿತ್ತು.

“ಯಾವ್ದೋ ಎಳನೀರು ತೂತಾಗಿದೆ ಅತ್ತೆ” ಅಂದೆ.

ಅದು ಎಳನೀರಲ್ಲ ಎಂದು ನನ್ನ ಮೂಗಿಗೆ ಗೊತ್ತಾಗುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಅತ್ತೆಯ ಕೈ ಮೆಲ್ಲಗೆ ಕೆಳಗಿಳಿಯಿತು. ಮೇಲಿದ್ದವನು ಕದಲಲಿಲ್ಲ. ಜಾರಿದರೆ ಕೆಳಗೆ ಬಾವಿಯ ಕಲ್ಲುಕಟ್ಟೆ.

“ಇಳಿಯಪ್ಪ, ಏನೂ ಮಾಡಲ್ಲ.”

“ಕೈ ಬಿಡಕ್ಕಾಗ್ತಿಲ್ಲ ಕಣವ್ವಾ...” ಅವನು ಅಳುತ್ತಿದ್ದ.

“ಅಯ್ಯೋ, ಇದ್ರಾಗೆ ಗುಂಡೇ ಇಲ್ಲ ಕಣಪ್ಪಾ!” ಅತ್ತೆ ತೋಟಕ್ಕೆಲ್ಲ ಕೇಳುವಂತೆ ಕೂಗಿದಳು. “ಯಾವತ್ತೂ ಇರಲಿಲ್ಲ! ಸಾಸಿವೆ ಡಬ್ಬೀಲಿಟ್ಟಿದೀನಿ! ನಿಧಾನಕ್ಕೆ ಒಂದ್ ಕಾಲು ಇಳಿಸು, ನನ್ನಪ್ಪ!”

ಬೇಲಿಯಾಚೆ ಮೈದುನ ಗುದ್ದಲಿ ಹಿಡಿದು ನಿಂತಿದ್ದುದನ್ನು ನಾನೂ ನೋಡಿದೆ, ಅವಳೂ ನೋಡಿದಳು. ಆದರೂ ಮತ್ತೊಮ್ಮೆ ಅದನ್ನೇ ಇನ್ನೂ ಜೋರಾಗಿ ಕೂಗಿದಳು.

ಅವನು ಇಳಿದ. ಎದೆಯೆಲ್ಲ ತರಚಿತ್ತು. ಅತ್ತೆ ಅರಿಸಿನ ಹಚ್ಚಿ, ಮಾವನ ಹಳೆಯ ಪಂಚೆ ಕೊಟ್ಟು, ಅವನು ಉಟ್ಟುಕೊಳ್ಳುವಾಗ ಬೆನ್ನು ತಿರುಗಿಸಿ ನಿಂತಳು. ಮುದ್ದೆ ಇಕ್ಕಿ, ನಾಲ್ಕು ಕಾಯಿ ಕೊಟ್ಟು ಕಳಿಸಿದಳು. ಹೆಸರು ಕೂಡ ಕೇಳಲಿಲ್ಲ.

ಸಂಜೆ ಜಗಲಿಯ ಮೇಲೆ ಕೂತು, “ಇನ್ನೊಂದು ಅರ್ಜಿ ಬರಿಯಲಾ. ಇದನ್ನ ವಾಪಸ್ ಕೊಟ್ಬುಡ್ತೀನಿ” ಅಂದಳು.

“ಯಾಕತ್ತೆ? ಮೈದುನ ಮತ್ತೆ ಕಾಗದ ತಂದ್ರೆ?”

ಅವಳು ಚೀಲದ ದಾರ ಬಿಗಿದು ಪಕ್ಕಕ್ಕಿಟ್ಟಳು. ಆಮೇಲೆ, “ನಿಮ್ಮಾವ ಹೋದ್ಮ್ಯಾಲೆ ಬಾಗ್ಲು ಸದ್ದಾದ್ರೆ ನಂಗೂ ಕೈಕಾಲು ಹಂಗೇ ಮರಗಟ್ತಿದ್ವು ಕಣಪ್ಪ. ಯಾರ್ಗೂ ಹೇಳ್ಲಿಲ್ಲ. ನನ್ನ ಕಂಡೂ ಒಬ್ರು ಹೆದರ್ಲಿ ಅಂತ ಆಸೆಯಾಗಿತ್ತು. ಇವತ್ತು ನೋಡ್ದೆ. ಚೆನ್ನಾಗಿರ್ಲಿಲ್ಲ” ಅಂದಳು.

ಪ್ರತಿ ವಾರ ಬಂದು ಉಂಡು ನಕ್ಕು ಹೋಗುತ್ತಿದ್ದ ನಾನು, ಇಂಗ್ಲಿಷ್ ಬಲ್ಲ ನಾನು, ‘ನಿನಗೆ ಭಯವಾಗುತ್ತದಾ ಅತ್ತೆ’ ಎಂದು ಒಂದು ದಿನವೂ ಕನ್ನಡದಲ್ಲಿ ಕೇಳಿರಲಿಲ್ಲ.

ಅರ್ಜಿ ಬರೆದು ಮುಗಿಸುವ ಹೊತ್ತಿಗೆ ತಿಪಟೂರಿನ ಕೊನೆಯ ಬಸ್ಸು ಬಂದು ಹಾರನ್ ಹೊಡೆಯಿತು. ನಾನು ಎದ್ದು ಚಪ್ಪಲಿ ಮೆಟ್ಟಿದೆ.

“ಇವತ್ತೊಂದಿನ ಇಲ್ಲೇ ಇರ್ತೀಯೇನಪ್ಪ?” ಅಂದಳು, ನೆಲ ನೋಡುತ್ತಾ.

ಗೇಟಿನವರೆಗೆ ಹೋಗಿ ಕಂಡಕ್ಟರಿಗೆ ‘ಹೊರಡಿ’ ಎಂದು ಕೈ ಬೀಸಿದೆ. ಮುಂದಿನ ಭಾನುವಾರ ತಿಪಟೂರಿನ ರೂಮು ಖಾಲಿ ಮಾಡಿ, ಹಾಸಿಗೆ ಸುತ್ತಿಕೊಂಡು ಅತ್ತೆಯ ಮನೆಗೇ ಬಂದುಬಿಟ್ಟೆ.