ಭವ್ಯಾಳ ಮೊಣಕೈ ತಿದ್ದಿದ್ದು

ಅರಸೀಕೆರೆಯ ನಮ್ಮ ಮಹಿಳಾ ಕಾಲೇಜಿನಲ್ಲಿ ನನ್ನ ಹುದ್ದೆ ಸಾಮಾನ್ಯದ್ದಲ್ಲ. ‘ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಅಭಿವೃದ್ಧಿ ತರಬೇತುದಾರರು’ ಎಂದು ಆದೇಶಪತ್ರದಲ್ಲೇ ಇದೆ. ತಂಡವನ್ನು ಗೆಲ್ಲಿಸುವುದು ಬೇರೆಯವರ ಕೆಲಸ, ಒಬ್ಬೊಬ್ಬ ಹುಡುಗಿಯ ಆಟವನ್ನು ತಿದ್ದಿ ತೀಡುವುದು ನನ್ನದು. ಹನ್ನೊಂದು ವರ್ಷದಿಂದ ತಿದ್ದುತ್ತಿದ್ದೇನೆ. ರಜಾದಿನಗಳಲ್ಲಿ ಯಾರೂ ಸಿಗದಿದ್ದರೆ ನಮ್ಮ ಯಜಮಾನರು ಚಪಾತಿ ಲಟ್ಟಿಸುವುದನ್ನು ತಿದ್ದುತ್ತೇನೆ.

ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದ ಭವ್ಯ ಕೊನೆಯ ವರ್ಷದ ಬಿ.ಎ. ಹುಡುಗಿ. ಗೆರೆಯ ಮೇಲೆ ನಿಂತು, ಯಾರ ಅಡ್ಡಿಯೂ ಇಲ್ಲದೆ ರಿಂಗಿಗೆ ಎಸೆಯುವ ಫ್ರೀ ಥ್ರೋ ಇದೆಯಲ್ಲ, ಅದರಲ್ಲಿ ಹತ್ತಕ್ಕೆ ಒಂಬತ್ತು ಹಾಕುತ್ತಿದ್ದಳು. ಆದರೆ ಹೇಗೆ? ಎರಡೂ ಕೈಯಲ್ಲಿ ಚೆಂಡು ಹಿಡಿದು, ಬಗ್ಗಿ, ಮೊಣಕಾಲ ನಡುವಿನಿಂದ ಮೇಲಕ್ಕೆ! ನೋಡಿದ ಕೂಡಲೇ ತಿದ್ದಲು ತೀರ್ಮಾನಿಸಿದೆ. ಹಾಸನದಲ್ಲಿ ನಡೆಯುವ ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಇನ್ನೆರಡೇ ತಿಂಗಳಿತ್ತು. ತಂಡಕ್ಕೆ ಸೇರಿದರೆ ಆ ಸರ್ಟಿಫಿಕೇಟಿನ ಬಲದಿಂದ ಬಿ.ಪಿ.ಎಡ್. ಸೀಟು ಸಿಗುತ್ತದೆ, ಪಿ.ಟಿ. ಟೀಚರ್ ಆಗಬಹುದು ಎಂದು ಅವಳ ಆಸೆ.

"ಹಿಂಗೆ ಎಸೆದ್ರೆ ಹಾಸನದಲ್ಲಿ ನಗ್ತಾರೆ ಕಣೇ," ಎಂದೆ.

"ಬೀಳುತ್ತಲ್ಲಾ ಮಿಸ್?"

"ಬೀಳೋದು ಮುಖ್ಯ ಅಲ್ಲ. ಶೈಲಿ ಮುಖ್ಯ!"

ಈ ಮಾತನ್ನು ನಾನೇ ಆಡಿದ್ದು. ಸಾಕ್ಷಿಗಳಿದ್ದಾರೆ.

ನಮ್ಮ ಯಜಮಾನರು ಲೈನ್‌ಮ್ಯಾನ್. ವಿಷಯ ಕೇಳಿ, "ಉರೀತಿರೋ ಬಲ್ಬನ್ನ ನಾವು ಬಿಚ್ಚಕ್ಕೆ ಹೋಗಲ್ಲಪ್ಪ," ಎಂದರು. "ನಿಮಗೆ ಕ್ರೀಡಾ ವಿಜ್ಞಾನ ಗೊತ್ತಿಲ್ಲ ಕಣ್ರೀ," ಎಂದೆ. ನನಗೂ ಅಷ್ಟೇನೂ ಗೊತ್ತಿರಲಿಲ್ಲ, ಮೊಬೈಲಿನಲ್ಲಿ ನೋಡಿದ್ದು.

ಅಭಿವೃದ್ಧಿ ಆರಂಭವಾಯಿತು: ಚೆಂಡು ಹಣೆಯ ಮೇಲಿಂದ, ಒಂದೇ ಕೈಯಲ್ಲಿ ಹೋಗಬೇಕು. ಮೊಣಕೈ ಆಚೆ ಹೋಗಬಾರದೆಂದು ಅವಳ ವೇಲಿನಿಂದಲೇ ಕಟ್ಟಿದೆ. ಮಣಿಕಟ್ಟು ನೆಟ್ಟಗಿರಲೆಂದು ಅಂಗೈ ಮೇಲೆ ನೀರು ತುಂಬಿದ ಲೋಟ ಇಟ್ಟು ನಿಲ್ಲಿಸಿದೆ. ಇಷ್ಟಾದರೂ ಸೋಮವಾರ ಬಂದರೆ ಸಾಕು, ಹಳೇ ಚಾಳಿ! ರೋಗದ ಮೂಲ ಮನೆಯಲ್ಲಿರಬೇಕು ಎಂದು ತೀರ್ಮಾನಿಸಿ ಒಂದು ಭಾನುವಾರ ಬಾಣಾವರಕ್ಕೇ ಹೋದೆ.

ಮೂಲ ಸಿಕ್ಕಿತು. ಕೊಬ್ಬರಿಗೆಂದು ಕಾಯಿಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಭವ್ಯ ಕೆಳಗೆ ನಿಂತು ಒಂದೊಂದೇ ಕಾಯಿಯನ್ನು ಮೊಣಕಾಲ ನಡುವಿನಿಂದ ಎತ್ತಿ ಅಟ್ಟದ ಕಿಂಡಿಗೆ ಎಸೆಯುತ್ತಿದ್ದಳು. ಒಂದೂ ತಪ್ಪಲಿಲ್ಲ.

"ಏಳು ವರ್ಸದ್ ಮಗು ಆಗಿದ್ದಾಗ್ಲಿಂದ ಇವಳ್ದೇ ಈ ಕೆಲ್ಸ ಮೇಡಂ," ಎಂದರು ಅವಳ ತಾಯಿ ಹೆಮ್ಮೆಯಿಂದ. "ಕೈಯಾಗೆ ಅದೇನೋ ಐತೆ."

ಬುದ್ಧಿ ಇದ್ದವಳಾಗಿದ್ದರೆ ಅಲ್ಲೇ ಕೈ ಮುಗಿದು ಕಾಫಿ ಕುಡಿದು ಬರುತ್ತಿದ್ದೆ. ನಾನು ಕಾಫಿ ಕುಡಿದು, "ಆಯ್ಕೆ ಮುಗಿಯೋವರೆಗೂ ಇವಳು ಕಾಯಿ ಮುಟ್ಟಬಾರದು," ಎಂದು ಅಪ್ಪಣೆ ಮಾಡಿ ಬಂದೆ. ಪಾಪ, ಆ ತಾಯಿ ಉಳಿದ ಕಾಯಿಯನ್ನೆಲ್ಲ ಮಂಕರಿಯಲ್ಲಿ ಹೊತ್ತು ಏಣಿ ಹತ್ತಿದರಂತೆ.

ಹಾಸನದಲ್ಲಿ ಆಯ್ಕೆಯ ದಿನ ಭವ್ಯ ಗೆರೆಯ ಮೇಲೆ ನಿಂತಳು. ಶೈಲಿ ಏನು ಚೆಂದ! ಪುಸ್ತಕದಲ್ಲಿ ಚಿತ್ರ ಹಾಕಬಹುದಿತ್ತು. ಚೆಂಡು ರಿಂಗಿಗೆ ತಾಗಲೂ ಇಲ್ಲ. ಎರಡನೆಯದೂ ಇಲ್ಲ. "ಮೊಣಕೈ! ಮೊಣಕೈ!" ಎಂದು ನಾನು ಹೊರಗಿನಿಂದ ಕೂಗಿದೆ. ಆರು ಎಸೆತ ಹೀಗೇ ಹೋದ ಮೇಲೆ ನಾನೇ, "ಹಳೇ ಥರಾನೇ ಎಸಿಯೇ!" ಎಂದು ಕಿರುಚಿದೆ. ಅವಳು ಬಗ್ಗಿದಳು. ಚೆಂಡು ಬೋರ್ಡಿನ ಆಚೆ ಹೋಗಿ ಬಿತ್ತು. ಹಳೆಯದನ್ನೂ ನಾನು ಮರೆಸಿಬಿಟ್ಟಿದ್ದೆ.

ಆಯ್ಕೆ ಸಮಿತಿಯ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಂದು, "ಒಳ್ಳೇ ಹುಡುಗಿ ಮೇಡಂ. ಸರಿಯಾಗಿ ಹೇಳ್ಕೊಡೋರು ಯಾರೂ ಸಿಕ್ಕಿಲ್ಲ ಅನ್ಸುತ್ತೆ," ಎಂದರು.

"ಹೌದು ಸಾರ್," ಎಂದೆ!

ತಪ್ಪು ನನ್ನದು, ಅವಳನ್ನು ಇನ್ನೊಂದು ಸಲ ನೋಡಿ ಎಂದು ಕೇಳಿಕೊಳ್ಳಬಹುದಿತ್ತು. ಕೇಳಲಿಲ್ಲ. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನೇ ಅತ್ತೆ. ಭವ್ಯ ಸಮಾಧಾನ ಮಾಡಿದಳು. "ಬಿಡಿ ಮಿಸ್, ಬೇರೆ ಏನಾದ್ರೂ ಓದ್ತೀನಿ." ಕರ್ಚೀಫು ಕೊಟ್ಟು, "ಮಿಸ್, ಮುಂದಿನ ವರ್ಷ ನನ್ ತಂಗಿ ನಮ್ ಕಾಲೇಜಿಗೇ ಸೇರ್ತಾಳೆ. ಚೆನ್ನಾಗಿ ಆಡ್ತಾಳೆ. ನಿಮ್ಮನ್ನ ಒಂದು ಕೇಳ್ಲಾ?" ಎಂದಳು.

"ಕೇಳಮ್ಮ," ಎಂದೆ, ಕಣ್ಣೊರೆಸಿಕೊಂಡು. ಏನು ಕೇಳಿದರೂ ಕಲಿಸಲು ಸಿದ್ಧಳಾಗಿದ್ದೆ.

"ಅವಳಿಗೆ ಏನೂ ಹೇಳ್ಕೊಡಬೇಡಿ ಮಿಸ್."

ಮಾತು ಕೊಟ್ಟೆ. ತಂಗಿ ಈಗ ತಂಡದಲ್ಲಿದ್ದಾಳೆ, ಬಲು ಚೆನ್ನಾಗಿ ಆಡುತ್ತಾಳೆ. ಅವಳ ನೀರಿನ ಬಾಟಲಿ ತುಂಬಿಸುವುದು ನಾನೇ.