ನನ್ನ ಮರೆವಿಗೆ ಬಂದ ರಕ್ತದೊತ್ತಡ

ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಗೆ ಬೀಗ ಬಿದ್ದು ಇಂದಿಗೆ ಒಂದು ತಿಂಗಳು ಹತ್ತು ದಿನ. ಬಂಗಾರದ ಬಳೆಗಳನ್ನು ಟೀವಿಯ ಮೇಲೆ ಬಿಟ್ಟು ಉಪ್ಪನ್ನು ತಿಜೋರಿಯಲ್ಲಿಡುವ ಹೆಂಗಸು ಇಡೀ ಗೋಕಾಕದಲ್ಲಿ ಒಬ್ಬಳೇ ಇರಬೇಕು, ಅವಳು ನನ್ನ ಧರ್ಮಪತ್ನಿ ರಾಜೇಶ್ವರಿ. ಇದಕ್ಕೆಲ್ಲ ಕಾರಣ ನನ್ನ ಮರೆವು. ಅದೂ ಇಲ್ಲದ ಮರೆವು.

ಮರೆವು ಸಂಸಾರಸ್ಥ ಗಂಡಸಿನ ಜನ್ಮಸಿದ್ಧ ಹಕ್ಕು ಎಂದು ನಂಬಿದವನು ನಾನು. ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದು, ಯಾವ ಬಸ್ಸು ಎಷ್ಟು ಗಂಟೆಗೆ ಬಿಡುತ್ತದೆಂದು ಮೈಕಿನಲ್ಲಿ ಕೂಗಿ ಕೂಗಿ ನಿವೃತ್ತನಾದೆ. ಅಲ್ಲಿ ಒಂದು ನಿಮಿಷವನ್ನೂ ಮರೆತವನಲ್ಲ. ಮನೆಯ ಹೊಸ್ತಿಲು ದಾಟಿದರೆ ಮಾತ್ರ ಏನೂ ನೆನಪಿರುತ್ತಿರಲಿಲ್ಲ. ಕೊತ್ತಂಬರಿ ಮರೆತೆ, ಗ್ಯಾಸು ಮರೆತೆ, ಅಂಕಲಗಿಯಲ್ಲಿ ಅವಳ ಕಾಕಾನ ಮಗಳ ಸೀಮಂತದ ಕುಬಸವನ್ನೂ ಮರೆತೆ. (ಕುಬಸದ ದಿನ ನಾನು ಗೆಳೆಯ ಬಾಬಾಲಾಲನ ಅಂಗಡಿಯಲ್ಲಿ ಮಿರ್ಚಿ ಭಜಿ ತಿನ್ನುತ್ತ ಕುಳಿತಿದ್ದೆ. ಇದು ನಿಮ್ಮ ಕಿವಿಗಷ್ಟೇ.) "ಮರ್ತೆ ನೋಡು" ಎಂದರೆ ಮುಗಿಯಿತು, ಅವಳು ನಾಲ್ಕು ಬೈದು ಸುಮ್ಮನಾಗುತ್ತಿದ್ದಳು.

ಹೀಗಿರಲು ಒಂದು ದಿನ ತಲೆ ಸುತ್ತಿ, ನಮ್ಮ ಓಣಿಯ ಡಾಕ್ಟರ್ ತಮನ್ನಾ ಅವರ ದವಾಖಾನೆಗೆ ಹೋದೆವು. ಆಕೆ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಸಣ್ಣದು ಮಾಡಿದರು. ನೂರಾ ಎಪ್ಪತ್ತು.

"ಮರವು ಏನರ ಐತೇನ್ರಿ ಕಾಕಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ರಾಜೇಶ್ವರಿ ಶುರು ಮಾಡಿದಳು. "ಐತೇನಂತ ಕೇಳ್ತೀರಲ್ರಿ? ಇವರಿಗೆ ಮರವು ಬಿಟ್ರ ಬ್ಯಾರೆ ಏನೂ ಇಲ್ರಿ." ಕೊತ್ತಂಬರಿಯಿಂದ ಕುಬಸದವರೆಗೆ ಹತ್ತು ನಿಮಿಷ ವರದಿ ಒಪ್ಪಿಸಿದಳು.

ಡಾಕ್ಟರ್ ಗಂಭೀರವಾದರು. "ನೋಡ್ರಿ, ಒತ್ತಡ ವರ್ಷಾನಗಟ್ಟಲೆ ಹಿಂಗ ಏರಿ ಕುಂತ್ರ ಎದಿಗಷ್ಟ ಪೆಟ್ಟಲ್ಲ. ಮಿದುಳಿನಾಗ ಕೂದಲೆಳಿಯಂಥ ರಕ್ತನಾಳ ಇರ್ತಾವು, ಅವೂ ಕೆಡ್ತಾವು. ಮುಂದ ಮರವಿನ ಬ್ಯಾನಿ ಬರೂ ಸಂಭವ ಹೆಚ್ಚಾಗತೈತಿ. ಬಂದ ಬರ್ತೈತಿ ಅಂತಲ್ಲ. ಈಗಿಂದ ಗುಳಗಿ, ಪಥ್ಯ, ನಡಿಗಿ ಬರೋಬ್ಬರಿ ಇಟ್ರ ಸಂಭವ ಕಡಿಮಿ ಮಾಡಬಹುದು."

ರಾಜೇಶ್ವರಿ ಸೆರಗಿನ ತುದಿ ಹಿಡಿದು ಕುಳಿತಳು. "ನಮ್ಮಪ್ಪಗೂ ಬಿಪಿ ಇತ್ರಿ. ಗುಳಗಿ ನುಂಗ್ತಿರಲಿಲ್ಲ. ಕಡೀಕ ನನ್ನ ನೋಡಿ, ಯಾರ ಮಗಳವ್ವ ನೀ ಅಂತ ಕೇಳಿದ" ಎಂದಳು. ಮರೆವೆಲ್ಲ ಸುಳ್ಳೆಂದು ಆಗಲೇ ತಪ್ಪೊಪ್ಪಿಕೊಳ್ಳಬೇಕಿತ್ತು. ಆದರೆ ಒಪ್ಪಿದರೆ ಭಜಿಯನ್ನೂ ಒಪ್ಪಬೇಕಾಗುತ್ತಿತ್ತು.

ಅಂದಿನಿಂದ ನನ್ನ ರಕ್ತನಾಳಗಳ ಆಡಳಿತ ಅವಳ ಕೈಗೆ ಹೋಯಿತು. ಉಪ್ಪಿನಕಾಯಿ ಗಡಿಪಾರು, ಹಪ್ಪಳ ನಿಷೇಧ, ಕರದಂಟಿನ ಪೊಟ್ಟಣ ಪಕ್ಕದ ಮನೆಯ ಹನಮವ್ವನ ಪಾಲು. ಮುಂಜಾನೆ ಹೊಳೆಯವರೆಗೆ ನಡಿಗೆ, ಹಿಂದಿನಿಂದ ಅವಳ ಕಾವಲು. ಗುಳಿಗೆ ನುಂಗಿದ ಮೇಲೆ ಬಾಯಿ ತೆರೆದು, ನಾಲಗೆ ಎತ್ತಿ ತೋರಿಸಬೇಕು. ಸಪ್ಪೆ ಬದನೆಕಾಯಿ ಪಲ್ಯದ ಮುಂದೆ ಕುಳಿತಾಗಲೇ ನನಗೆ ಆ ಮಹಾ ಉಪಾಯ ಹೊಳೆದದ್ದು. ಮರೆವಿನಿಂದ ತಾನೇ ಈ ಶಿಕ್ಷೆ? ನನ್ನ ನೆನಪು ಗಟ್ಟಿಯಿದೆ ಎಂದು ಡಾಕ್ಟರ ಮುಂದೆ ಸಾಬೀತಾದರೆ ಉಪ್ಪು ಬಿಡುಗಡೆಯಾಗಲೇಬೇಕು.

ತಿಂಗಳಿಗೆ ಮತ್ತೆ ಹೋದಾಗ ನಾನೇ ಪರೀಕ್ಷೆ ಬೇಡಿದೆ. ಡಾಕ್ಟರ್ ನಕ್ಕು, "ಮೂರು ಶಬ್ದ ಹೇಳ್ತೀನಿ, ನೆನಪಿಡ್ರಿ. ಕೀಲಿ, ಕುದರಿ, ಮಲ್ಲಿಗಿ" ಎಂದರು.

"ಮೂರ? ಇಡೀ ಬಸ್‌ಸ್ಟ್ಯಾಂಡ್ ಹೇಳ್ತೀನಿ ಕೇಳ್ರಿ" ಎಂದು ಎದ್ದು ನಿಂತೆ. ಮೈಕಿಲ್ಲದಿದ್ದರೂ ದನಿ ಹಳೆಯದೇ. "ಮುಂಜಾನಿ ಆರಕ್ಕ ಹುಕ್ಕೇರಿ. ಆರೂ ಇಪ್ಪತ್ತಕ್ಕ ಅಂಕಲಗಿ. ಏಳಕ್ಕ ಮಮದಾಪುರ." ಹೊರಗೆ ಪಾಳಿ ಹಚ್ಚಿದ್ದ ರೋಗಿಗಳು ಬಾಗಿಲಿಗೆ ಬಂದು ನಿಂತರು. ನನಗೆ ಹುರುಪು ಏರಿತು. "ಇನ್ನ ಬರೂ ಗಾಡಿ ಕೇಳ್ರಿ. ಮೂಡಲಗಿಯಿಂದ ಗೋಕಾಕಕ್ಕ ಸಂಜಿ ಐದಕ್ಕೊಂದು, ಆರೂವರಿಗೊಂದು, ಏಳೂ ಹತ್ತಕ್ಕೊಂದು, ಕಡೇದು ಎಂಟೂ ಮುಕ್ಕಾಲಕ್ಕ. ನನ್ನ ಸರ್ವಿಸಿನಾಗ ಒಂದಿನಾನೂ ತಪ್ಪಿಲ್ಲ."

"ಎಷ್ಟಕ್ಕ?" ಎಂದಳು ರಾಜೇಶ್ವರಿ.

ಆಗ ನನಗೆ ಬೆವರೊಡೆಯಿತು. ಮೂಡಲಗಿ ಅವಳ ತವರು. ಮದುವೆಯಾದಂದಿನಿಂದ ಅಲ್ಲಿಗೆ ಹೋದಾಗಲೆಲ್ಲ ನಾಲ್ಕಕ್ಕೇ ಚಪ್ಪಲಿ ಮೆಟ್ಟಿ, "ನಾಲ್ಕೂವರಿದು ತಪ್ಪಿದ್ರ ಗಾಡಿನ ಇಲ್ಲ" ಎಂದು ಅವಳನ್ನು ಎಬ್ಬಿಸಿ ತರುತ್ತಿದ್ದವನು ನಾನೇ. ಯಾರಾದರೂ ಆಮೇಲೂ ಬಸ್ಸಿದೆ ಎಂದರೆ, "ಅದು ಇವತ್ತು ರದ್ದು" ಎನ್ನುತ್ತಿದ್ದೆ. ಕಂಟ್ರೋಲರನಿಗೆ ಎದುರು ಹೇಳುವವರು ಯಾರು?

ಡಾಕ್ಟರ್ ಮತ್ತೆ ಪಟ್ಟಿ ಸುತ್ತಿದರು. ನೂರಾ ಎಪ್ಪತ್ತೆರಡು. "ನೆನಪು ಭಾಳ ಚಲೋ ಐತ್ರಿ ಕಾಕಾ. ಹಿಂಗ ಉಳೀಬೇಕಂದ್ರ ಗುಳಗಿ, ಪಥ್ಯ, ನಡಿಗಿ ಬಿಡಾಕ ಬರೂದಿಲ್ಲ. ಉಪ್ಪು ಇನ್ನೊಂದೀಟು ಕಡಿಮಿ ಮಾಡ್ರಿ" ಎಂದರು. ಉಪ್ಪೂ ಹೋಯಿತು, ಮರೆವೂ ಹೋಯಿತು.

ಅವಳು ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಮನೆಗೆ ನಡೆದು ಬರುತ್ತ, "ಅಪ್ಪಗ ನನ್ನ ಗುರ್ತು ಇದ್ದಾಗ ಇನ್ನೊಂದು ನಾಕು ತಾಸು ಅಲ್ಲೆ ಕುಂದರಬಹುದಿತ್ತಲ್ರಿ" ಎಂದಳು. ನನಗೆ ನಾಚಿಕೆಯಾಯಿತು.

ಕಳೆದ ರವಿವಾರ ಮೂಡಲಗಿಗೆ ಹೋದೆವು. ಐದಾಯಿತು, ಆರೂವರೆಯಾಯಿತು, ನಾನು ಚಪ್ಪಲಿಯ ಕಡೆ ನೋಡಲಿಲ್ಲ. ಅತ್ತೆ ಶಿವಗಂಗವ್ವನವರಿಗೆ ಎಂಬತ್ತೆರಡು. ಮಗಳ ಕೈ ಹಿಡಿದು ಮಾತಾಡುತ್ತಿದ್ದವರು ಹೊತ್ತು ಮುಳುಗುತ್ತಲೇ, "ಇಲ್ಲೆ ಮಕ್ಕೊಳ್ರಿ. ಮುಂಜಾನಿ ಫಸ್ಟ್ ಬಸ್ಸಿಗೆ ಹೋದೀರಂತ. ಎಷ್ಟಕ್ಕ ಐತವಾ ಅದು?" ಎಂದು ಕೇಳಿದರು.

"ಹನ್ನೆರಡಕ್ಕಂತ ಯವ್ವಾ" ಎಂದಳು ರಾಜೇಶ್ವರಿ, ಕಣ್ಣು ಮಿಟುಕಿಸದೆ. ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ರೀ ಕಂಟ್ರೋಲರ್ ಸಾಹೇಬ್ರ?"

ಬೆಳಗಿನ ಐದೂ ಐವತ್ತರಿಂದ ಹನ್ನೆರಡರೊಳಗೆ ಅಲ್ಲಿಂದ ಒಂಬತ್ತು ಬಸ್ಸುಗಳಿವೆ.

"ಹೌದ್ರಿ ಅತ್ತಿ" ಎಂದೆ. "ಅದಕ್ಕಿಂತ ಮೊದಲಿನವು ಎಲ್ಲಾ ರದ್ದು."