ಮುಕ್ಕಾಲು ಕಿಲೋಮೀಟರಿನ ಕೊಲ್ಲಿ

ಭಾನುವಾರ ಬೆಳಗಾದರೆ ಸಾಕು, ಮನೆ ಬಿಟ್ಟು ಓಡುವ ಜನರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ವಾರವಿಡೀ ಬಸ್ಸಿನಲ್ಲಿ ಜೋತಾಡಿ ಕೆಲಸಕ್ಕೆ ಹೋಗುವವರು, ಸಿಕ್ಕಿದ ಒಂದು ರಜೆಯಲ್ಲೂ ಅದೇ ಬಸ್ಸಿನಲ್ಲಿ ಜೋತಾಡಿಕೊಂಡು ನೀರು ನೋಡಲು ಹೋಗುತ್ತಾರೆ. ನೀರು! ನಲ್ಲಿ ತಿರುಗಿಸಿದರೆ ಬರುವ ವಸ್ತು. (ನಮ್ಮ ಮನೆಯಲ್ಲಿ ದಿನ ಬಿಟ್ಟು ದಿನ ಬರುತ್ತದೆ, ಆ ಮಾತು ಬೇರೆ.) ನನ್ನ ಮಟ್ಟಿಗೆ ಬೇಸಿಗೆಯ ಭಾನುವಾರವೆಂದರೆ ಕಿಟಕಿ ಪಕ್ಕದ ನನ್ನ ಆರಾಮಕುರ್ಚಿ, ಅದರ ಮೇಲೆ ನಾನು, ನನ್ನ ಮೇಲೆ ಫ್ಯಾನು. ಅಷ್ಟು ಸಿಕ್ಕರೆ ನನಗೆ ಇನ್ನೇನೂ ಬೇಡ.

ಇಂಥ ನಾನೇ ವಾರಪತ್ರಿಕೆಯೊಂದರಲ್ಲಿ ‘ಒಂದು ದಿನದ ಸುಲಭ ಪ್ರವಾಸ’ ಎಂಬ ಅಂಕಣ ಬರೆಯುವ ‘ಲೋಕಸಂಚಾರಿ’ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಉದ್ಯೋಗ ಅಲ್ಲಿ ಕರಡು ತಿದ್ದುವುದು. ಹಿಂದಿನ ಅಂಕಣಕಾರರು ನಿಜಕ್ಕೂ ಪ್ರವಾಸ ಹೋಗುತ್ತಿದ್ದರು, ಹಾಗಾಗಿ ಒಂದು ವಾರವೂ ಹೊತ್ತಿಗೆ ಸರಿಯಾಗಿ ಬರೆದುಕೊಟ್ಟವರಲ್ಲ. ಸಂಪಾದಕರು ಬೇಸತ್ತು ಅದನ್ನು ನನ್ನ ಕೊರಳಿಗೆ ಕಟ್ಟಿದರು. ನಾನು ಒಂದು ವಾರವನ್ನೂ ತಪ್ಪಿಸಿಲ್ಲ. ಹಳೆಯ ಭೂಪಟವನ್ನು ತೊಡೆಯ ಮೇಲೆ ಹರಡಿಕೊಂಡು, ದಾರಿಯ ಅಂಕುಡೊಂಕಿನುದ್ದಕ್ಕೂ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದು, ಆಮೇಲೆ ಅದನ್ನು ಅಡಿಪಟ್ಟಿಯ ಮೇಲಿಟ್ಟರೆ ದೂರ ಸಿಕ್ಕಿತು. ಮಿಕ್ಕದ್ದಕ್ಕೆ ತಂಗಾಳಿ, ಸಾಲುಮರ, ಹಕ್ಕಿಗಳ ಕಲರವ ಇದ್ದೇ ಇವೆ. ಹೀಗೆ ಕುರ್ಚಿಯಿಂದ ಏಳದೆ ನಲವತ್ತೊಂದು ಊರು ಸುತ್ತಿ ಬಂದಿದ್ದೇನೆ.

ಮನೆಯಲ್ಲಿ ಮಾತ್ರ ಈ ವಿಷಯ ಬಾಯಿ ಬಿಟ್ಟಿರಲಿಲ್ಲ. ಗೊತ್ತಾದರೆ ಹೆಂಡತಿ “ನಮ್ಮನ್ನೂ ಕರ್ಕೊಂಡು ಹೋಗ್ರೀ” ಎಂದು ಪ್ರಾಣ ತಿನ್ನುತ್ತಾಳೆ, ನನ್ನ ಕುರ್ಚಿ ಅನಾಥವಾಗುತ್ತದೆ. ಆದರೆ ನಮ್ಮ ಜೊತೆಗೇ ಇರುವ ನನ್ನ ಅತ್ತೆ ಲೋಕಸಂಚಾರಿಯ ಪರಮಭಕ್ತೆಯಾಗುತ್ತಾರೆಂದು ನನಗೆ ಕನಸಾದರೂ ಬಿದ್ದಿತ್ತೇ? ಒಂದೊಂದು ಅಂಕಣವನ್ನೂ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ ಇಟ್ಟುಕೊಂಡಿದ್ದಾರೆ.

“ಗಂಡಸು ಅಂದ್ರೆ ಹೀಗಿರ್ಬೇಕು, ಅಳಿಯಂದ್ರೇ! ವಾರಕ್ಕೊಂದು ಊರು! ನೀವೂ ಇದೀರಿ, ಕುರ್ಚಿ ಬಿಟ್ರೆ ಬಚ್ಚಲು, ಬಚ್ಚಲು ಬಿಟ್ರೆ ಕುರ್ಚಿ.”

ನನ್ನನ್ನು ನನಗೇ ಹೋಲಿಸಿ ಬೈಸಿಕೊಳ್ಳುವ ಯೋಗ ಇನ್ನಾವ ಗಂಡಿಗೂ ಬರದಿರಲಿ.

ನಲವತ್ತೊಂದನೆಯ ಅಂಕಣ ಹತ್ತಿರದ ಕೊಲ್ಲಿಯ ಬಗ್ಗೆ. ಅತ್ತೆ ಅದನ್ನು ರಾಗವಾಗಿ ಓದಿದರು: “ಬಸ್ಸಿಳಿದು ಸಾಲುಮರಗಳ ತಂಪಿನಲ್ಲಿ ಮುಕ್ಕಾಲು ಕಿಲೋಮೀಟರು ನಡೆದರೆ, ಅಗೋ, ನೀಲಮಣಿಯಂಥ ಕೊಲ್ಲಿ! ಮೊಣಕಾಲು ನೋವಿನ ಹಿರಿಯರೂ ಹಾಡುತ್ತಾ ಹೋಗಬಹುದು. ಒಂದು ಇಡೀ ಕಲ್ಲಂಗಡಿ ಜೊತೆಗಿರಲಿ. ಇಷ್ಟು ದೂರಕ್ಕೆ ಅದೇನು ಭಾರ?”

“ರೀ, ಭಾನುವಾರ ಹೋಗೋಣ,” ಎಂದಳು ಹೆಂಡತಿ.

“ಆ ಲೋಕಸಂಚಾರಿ ಬರೆಯೋದೆಲ್ಲ ನಂಬ್ತೀಯೇನೇ? ಮನೇಲಿ ಕೂತು ಗೀಚಿರಬಹುದು.”

“ಹೊಟ್ಟೆಕಿಚ್ಚು!” ಎಂದರು ಅತ್ತೆ.

ಇದರ ಮೇಲೆ ಅಪೀಲು ಎಲ್ಲಿ? ಭಾನುವಾರ ಹತ್ತು ಗಂಟೆಗೆ ಬಸ್ಸು ನಮ್ಮನ್ನು ಒಂದು ಬೋಳು ತಿರುವಿನಲ್ಲಿ ಉದುರಿಸಿ ಹೊರಟುಹೋಯಿತು. ಹೆಂಡತಿಯ ಕೈಯಲ್ಲಿ ಊಟದ ಡಬ್ಬಿ, ಅತ್ತೆಯ ಕೈಯಲ್ಲಿ ಛತ್ರಿ ಮತ್ತು ನೋಟ್‌ಬುಕ್ಕು, ನನ್ನ ಎದೆಯ ಮೇಲೆ ಆರು ಕಿಲೋ ತೂಕದ ಕಲ್ಲಂಗಡಿ. ನನ್ನ ಭೂಪಟದ ಕಾಲದಲ್ಲಿದ್ದ ಸಾಲುಮರಗಳು ಯಾರ ಮನೆಯ ಮಂಚಗಳಾಗಿದ್ದವೋ, ರಸ್ತೆಯಲ್ಲಿ ಒಂದು ಪೊದೆಯೂ ಇರಲಿಲ್ಲ. ಮುಕ್ಕಾಲು ಕಿಲೋಮೀಟರು ಮುಗಿದಿರಬೇಕು ಎನ್ನುವಾಗ ಒಂದು ಕಲ್ಲು ಕಂಡಿತು. ‘ಕೊಲ್ಲಿ – 2 ಕಿ.ಮೀ.’

“ಕಲ್ಲು ತಪ್ಪಿರ್ಬೇಕು,” ಎಂದರು ಅತ್ತೆ. ಭಕ್ತಿಯೆಂದರೆ ಅದು!

ಆಗ ನೋಡಿದೆ. ನಮ್ಮ ಹಿಂದೆ ಮುಂದೆ ರಸ್ತೆಯುದ್ದಕ್ಕೂ ಸಂಸಾರಗಳು, ಒಂದೊಂದು ಸಂಸಾರದಲ್ಲೂ ಒಬ್ಬ ಗಂಡಸಿನ ಹೆಗಲ ಮೇಲೆ ಒಂದೊಂದು ಇಡೀ ಕಲ್ಲಂಗಡಿ. ಮುಖಗಳೂ ಒಳಗಿನ ತಿರುಳಿನ ಬಣ್ಣಕ್ಕೆ ತಿರುಗಿದ್ದವು. ನನ್ನ ಓದುಗರು ಇಷ್ಟು ಜನ ಇದ್ದಾರೆಂದು ಹೆಮ್ಮೆಪಡಬೇಕಾದ ಗಳಿಗೆಯಲ್ಲಿ ನಾನು ಕಲ್ಲಂಗಡಿಯನ್ನು ಮುಖಕ್ಕೆ ಮರೆಯಾಗುವಂತೆ ಎತ್ತಿಕೊಂಡೆ.

ಕೊನೆಗೂ ಕೊಲ್ಲಿ ಬಂತು. ನೀಲಮಣಿ ಕಡಲಿಳಿತದ ಸಮಯ ನೋಡಿಕೊಂಡು ಆಚೆಗೆ ಹೋಗಿತ್ತು. ಇದ್ದದ್ದು ಕೆಸರು, ಕೆಸರಿನಲ್ಲಿ ಮಗ್ಗುಲಾಗಿ ಮಲಗಿದ ನಾಲ್ಕು ದೋಣಿ, ಒಣಗುತ್ತಿದ್ದ ಬಲೆಗಳ ವಾಸನೆ. ದಡದ ಕಲ್ಲುಕಟ್ಟೆ ಕಾದ ಹಂಚಿನಂತಿದ್ದು ಜನ ಕೂರುತ್ತಲೇ ಏಳುತ್ತಿದ್ದರು, ಎದ್ದವರು ಮತ್ತೆ ಕೂರುತ್ತಿದ್ದರು. ಇದನ್ನು ನೋಡಲು ಮನೆ ಬಿಟ್ಟು ಬರುವವರಿಗೆ ಏನೆನ್ನಬೇಕು? ಅಂದಿದ್ದರೆ ನನ್ನನ್ನೇ ಅನ್ನಬೇಕಿತ್ತು.

“ಈ ಲೋಕಸಂಚಾರಿ ನನ್ನ ಕೈಗೆ ಸಿಗ್ಬೇಕು!” ಎಂದು ದಪ್ಪ ಮೀಸೆಯವನೊಬ್ಬ ಗುಡುಗಿದ. ಅವನ ಕಲ್ಲಂಗಡಿ ನನ್ನದಕ್ಕಿಂತ ದೊಡ್ಡದು.

“ಸಿಕ್ರೆ ಈ ಹಣ್ಣನ್ನೇ ಅವನ ತಲೆ ಮೇಲೆ ಒಡೀಬೇಕು,” ಎಂದಿತು ಇನ್ನೊಂದು ಸಂಸಾರ.

ಮೌನವಾಗಿದ್ದರೆ ಅನುಮಾನ ಬಂದೀತೆಂದು ನಾನೂ ದನಿ ಏರಿಸಿದೆ. “ಅಯೋಗ್ಯ! ಕುರ್ಚಿ ಬಿಟ್ಟು ಏಳದ ಸೋಮಾರಿ!”

“ಸರಿಯಾಗಿ ಹೇಳಿದ್ರಿ ಸ್ವಾಮಿ,” ಎಂದು ಮೀಸೆಯವನು ನನ್ನ ಬೆನ್ನು ತಟ್ಟಿದ. ಪ್ರಾಣ ಉಳಿಯಿತು ಎಂದುಕೊಂಡೆ.

ಅಷ್ಟರಲ್ಲಿ ಅತ್ತೆಯ ಚಪ್ಪಲಿಯ ಬಾರು ಕಿತ್ತುಬಂತು. “ರೀ, ಕಟ್ಟೋಕೆ ದಾರ ಗೀರ ಏನಾದ್ರೂ ಇದ್ಯಾ?” ಎಂದಳು ಹೆಂಡತಿ. ಬೆನ್ನು ತಟ್ಟಿಸಿಕೊಂಡ ಖುಷಿಯಲ್ಲಿ ನಾನು ಜೇಬಿಗೆ ಕೈ ಹಾಕಿ, ಮನೆಯವರ ಕಣ್ಣಿಗೆ ಬೀಳದಂತೆ ಸದಾ ಅಲ್ಲೇ ಇಟ್ಟುಕೊಳ್ಳುತ್ತಿದ್ದ, ರಟ್ಟಿನ ತುಂಡಿಗೆ ಸುತ್ತಿದ ದಾರವನ್ನು ತೆಗೆದು ಕೊಟ್ಟೆ.

ಅವಳು ಎಳೆದಳು. ಗೇಣುದ್ದದ ದಾರ ಎರಡು ಮೊಳವಾಯಿತು. ಬಿಟ್ಟಳು, ಮತ್ತೆ ಗೇಣಾಯಿತು.

“ಇದು ನನ್ನ ಹೊಲಿಗೆ ಡಬ್ಬಿಯ ಎಲಾಸ್ಟಿಕ್ ದಾರ! ತಂಗಿ ಮಗಳ ಫ್ರಾಕಿಗೆ ಅಂತ ತಂದಿದ್ದು. ಹೋದ ವರ್ಷದಿಂದ ಹುಡುಕ್ತಿದೀನಿ!” ಆಮೇಲೆ ರಟ್ಟನ್ನು ತಿರುಗಿಸಿದಳು. ಅಲ್ಲಿ ನನ್ನದೇ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ‘ಲೋಕಸಂಚಾರಿಯ ಅಳತೆ ದಾರ. ಯಾರೂ ಮುಟ್ಟಕೂಡದು.’

ಅವಳು ನನ್ನನ್ನು ನೋಡಿದಳು, ರಟ್ಟನ್ನು ನೋಡಿದಳು. “ನೀವಾ? ಇದನ್ನ ಎಳೆದು ಹಿಡಿದು, ಆಮೇಲೆ ಬಿಟ್ಬಿಟ್ಟು ಅಳೆದ್ರಾ?”

“ಒಳ್ಳೇ ದಾರ ಅಂದ್ಕೊಂಡೆ ಕಣೇ, ಎಷ್ಟೆಳೆದ್ರೂ ಹರೀತಿರ್ಲಿಲ್ಲ...”

“ಮೀಸೆಯವರನ್ನ ಕರೀಲಾ?”

“ಬೇಡ್ವೇ! ನಿನ್ನ ದಮ್ಮಯ್ಯ!”

ಅತ್ತೆಯತ್ತ ತಿರುಗಿದೆ. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತ ನಿಂತಿದ್ದರು. ಆ ನೋಟಕ್ಕೆ ನನಗೆ ನಿಜವಾಗಿ ನಾಚಿಕೆಯಾಯಿತು. ಪಾಪ, ಅವರ ಗಂಡಸು ಅಂದರೆ ಹೀಗಿರಬೇಕಾದ ಗಂಡಸು ಒಂದೇ ಏಟಿಗೆ ಸತ್ತುಹೋಗಿದ್ದ. ಆಮೇಲೆ ಮೆಲ್ಲನೆ ಪುಟ ತಿರುವಿ ತೀರ್ಪು ಕೊಟ್ಟರು.

“ನಲವತ್ತೊಂದು ಊರು. ಇದೊಂದು ಕಳೀರಿ, ನಲವತ್ತು. ಭಾನುವಾರಕ್ಕೊಂದರಂತೆ ಹೋಗಿ, ನಡೆದು, ತಪ್ಪಾಗಿದ್ದನ್ನೆಲ್ಲ ತಿದ್ದಿ ಮತ್ತೆ ಬರೀಬೇಕು. ತಿದ್ದೋದೇ ತಾನೆ ನಿಮ್ಮ ಉದ್ಯೋಗ?”

“ನಿಮ್ಮ ಮೊಣಕಾಲು ನೋವು, ಅತ್ತೆ...” ಎಂದು ಕೊನೆಯ ಆಸೆಯಿಂದ ತೊದಲಿದೆ.

“ನಾನ್ಯಾಕೆ ಬರ್ಲಿ? ನೀವಿಬ್ರೂ ಹೋಗ್ಬನ್ನಿ. ನಾನು ಮನೇಲಿರ್ತೀನಿ. ಆ ಕುರ್ಚಿ ಹೇಗೂ ಖಾಲಿ ಇರುತ್ತಲ್ಲ.”

ಇದಾಗಿ ಒಂಬತ್ತು ಭಾನುವಾರ ಕಳೆದಿವೆ. ಹೆಂಡತಿ ಗಟ್ಟಿ ನೂಲಿನ ದಾರ ಕೊಡಿಸಿದ್ದಾಳೆ, ಮುಂದೆ ಮುಂದೆ ನಡೆಯುತ್ತಾಳೆ, ಬಿಸಿಲಿಗೆ ಬೆಳಗಿದ್ದಾಳೆ ಬೇರೆ. ನಾನು ಹಿಂದೆ ಏದುಸಿರು ಬಿಡುತ್ತ ಹೆಜ್ಜೆ ಎಣಿಸುತ್ತೇನೆ. ತಂಗಾಳಿ ಬೀಸದ ಕಡೆ ತಂಗಾಳಿ ಎಂದು ಬರೆಯುವುದಿಲ್ಲ, ಹಕ್ಕಿ ಕೂಗದಿದ್ದರೆ ಕಲರವವಿಲ್ಲ. ಹುಟ್ಟಿದಂದಿನಿಂದ ಇಷ್ಟು ಸತ್ಯ ನಾನು ಬರೆದದ್ದಿಲ್ಲ.

ನಿನ್ನೆ ಕಚೇರಿಯಲ್ಲಿ ವಾಚಕರ ಪತ್ರವೊಂದು ತಿದ್ದಲು ನನ್ನ ಮೇಜಿಗೇ ಬಂತು: ‘ಮಾನ್ಯರೇ, ಲೋಕಸಂಚಾರಿಯವರ ಬರಹ ಈಚೆಗೆ ತೀರಾ ಸಪ್ಪೆಯಾಗಿದೆ. ಮೊದಲಿನ ತಂಗಾಳಿ ಎಲ್ಲಿ? ಆ ಹಕ್ಕಿಗಳೆಲ್ಲಿ? ಇವರು ಈಗೀಗ ಪ್ರವಾಸಕ್ಕೇ ಹೋಗದೆ ಮನೆಯಲ್ಲಿ ಕೂತು ಬರೆಯುತ್ತಿರುವಂತಿದೆ.’ ಕೆಳಗೆ ‘ಹಿರಿಯ ಅಭಿಮಾನಿ’ ಎಂದಿತ್ತು. ಅಕ್ಷರ ನನ್ನ ಅತ್ತೆಯದು. ನನ್ನ ಕುರ್ಚಿಯಲ್ಲಿ ಕೂತು, ನನ್ನ ಫ್ಯಾನಿನ ಕೆಳಗೆ, ನನ್ನ ಪೆನ್ನಿನಲ್ಲೇ ಬರೆದದ್ದು. ಒಂದೇ ಒಂದು ಕಾಗುಣಿತದ ತಪ್ಪೂ ಇರಲಿಲ್ಲ.